ಹಳೆಯ ಕ್ರಿಸ್‌ಮಸ್ ಗಾಜಿನ ಗುಂಡುಗಳು: ಒಂದು ಪೆಟ್ಟಿಗೆಯ ಗುರುತು ಮತ್ತು ದುರಸ್ತಿ

ಮಾಲು: 12 ಕುಳಿಯ ರಟ್ಟಿನ ಪೆಟ್ಟಿಗೆ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮನೆಯ ಸಾಮಾನೆಲ್ಲ ಮಾರುವ ಒಂದು ಎಸ್ಟೇಟ್ ಸೇಲ್‌ನದು. ಮುಚ್ಚಳದ ಮೇಲೆ ಸಾಂಟಾ ಮತ್ತು ಅಂಕಲ್ ಸ್ಯಾಮ್ (ಅಮೆರಿಕದ ಸಂಕೇತ ಪುರುಷ) ಕೈಕುಲುಕುವ ಚಿತ್ರ, ಕೆಳಗೆ ‘ಶೈನಿ ಬ್ರೈಟ್’ ಎಂಬ ಅಮೆರಿಕನ್ ಬ್ರ್ಯಾಂಡಿನ ಹೆಸರು. ಒಳಗೆ 12 ನಗ ಇದ್ದವು. ಆದರೆ ಅವುಗಳಲ್ಲಿ ಶೈನಿ ಬ್ರೈಟ್ 7 ಮಾತ್ರ. ಉಳಿದ ಐದರಲ್ಲಿ ದಪ್ಪ ಗಾಜಿನ ಹಸಿರು ಗುಂಡು ಎರಡು, ಅಚ್ಚಿನಲ್ಲಿ ಊದಿದ ಸಾಂಟಾ ಒಂದು, ಕೊಂಬೆಗೆ ಕ್ಲಿಪ್ಪಿನಿಂದ ಸಿಕ್ಕಿಸುವ ಹಕ್ಕಿ ಒಂದು, ಮಣಿ ನಕ್ಷತ್ರ ಒಂದು. ಮನೆಮಂದಿ ಪ್ರತಿ ಜನವರಿಯಲ್ಲಿ ಯಾವ ಕುಳಿ ಖಾಲಿ ಇದೆಯೋ ಅದಕ್ಕೆ ಕೈಗೆ ಸಿಕ್ಕಿದ್ದನ್ನು ಇಟ್ಟಿರುತ್ತಾರೆ. ಹಾಗಾಗಿ ಪೆಟ್ಟಿಗೆಯನ್ನು ನೋಡಿ ಒಳಗಿನ ಮಾಲಿಗೆ ವಯಸ್ಸು ಕಟ್ಟಲು ಬರುವುದಿಲ್ಲ. ಟೋಪಿಯ, ಅಂದರೆ ಗುಂಡಿನ ಕತ್ತಿಗೆ ಕೂರುವ ಮುಚ್ಚಳದ, ಕಥೆಯೂ ಅಷ್ಟೆ, ಅದಕ್ಕೆ ಆಮೇಲೆ ಬರೋಣ.

ಗುಂಡುಗಳಿಗೆ ಕೈ ಹಾಕುವ ಮುಂಚೆ ಪೆಟ್ಟಿಗೆಯ ತಳ ನೋಡಬೇಕು. ಇದರಲ್ಲಿ ಎರಡು ವಸ್ತು ಸಿಕ್ಕವು. ಒಂದು, ಭಾರವಾದ, ಮಂಕು ಬೂದು ಬಣ್ಣದ ಪಟ್ಟಿ ಜರಿ, ಕ್ರಿಸ್‌ಮಸ್ ಮರಕ್ಕೆ ಇಳಿಬಿಡುವಂಥದು. ಬಗ್ಗಿಸಿದರೆ ಬಗ್ಗಿದ ಹಾಗೇ ಉಳಿಯುತ್ತದೆ, ಪ್ಲಾಸ್ಟಿಕ್ ಜರಿಯಂತೆ ಪುಟಿಯುವುದಿಲ್ಲ. ಅದು ಸೀಸದ ಜರಿ. ಅಮೆರಿಕದಲ್ಲಿ 1972ರ ಸುಮಾರಿಗೆ ಅದರ ತಯಾರಿಕೆ ನಿಲ್ಲುತ್ತಾ ಬಂತು. ಕೈಗವಸು ಹಾಕಿಯೇ ತೆಗೆದು, ಜಿಪ್ ಚೀಲಕ್ಕೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟದ್ದಾಯಿತು. ಎರಡನೆಯದು ಮೂಲೆಯಲ್ಲಿದ್ದ ಬಿಳಿ ಪುಡಿ. 1930–40ರ ದಶಕಗಳಲ್ಲಿ ಕೃತಕ ಹಿಮವೆಂದು ಮಾರುತ್ತಿದ್ದ ಪುಡಿಗಳಲ್ಲಿ ಕೆಲವು ಅಪ್ಪಟ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಕಣ್ಣಿನಿಂದ ನೋಡಿ ಅದು ಅಭ್ರಕವೋ ಕಲ್ನಾರೋ ಹೇಳಲಾಗದು. ಆದ್ದರಿಂದ ಊದಬೇಡಿ, ಪೆಟ್ಟಿಗೆ ಕೊಡವಬೇಡಿ, ಮನೆಯ ವ್ಯಾಕ್ಯೂಮ್ ಹಾಕಬೇಡಿ. ಪಿ100 ಶೋಧಕದ ಮುಖಗವಸು ತೊಟ್ಟು (ಕಲ್ನಾರಿಗೆ ಎನ್95 ಸಾಲದು), ನೀರು ಚಿಮುಕಿಸಿದ ಕಾಗದದಿಂದ ಒತ್ತಿ ತೆಗೆದು ಎರಡು ಚೀಲದೊಳಗೆ ಕಟ್ಟಿ. ಈ ಇಡೀ ಕೆಲಸದಲ್ಲಿ ನೀರು ಬಳಸಿದ್ದು ಇದೊಂದೇ ಕಡೆ, ಅದೂ ಗುಂಡುಗಳನ್ನೆಲ್ಲ ಹೊರಗೆ ತೆಗೆದ ಮೇಲೆ.

ಮೇಜು

ದಪ್ಪ ಸ್ನಾನದ ಟವೆಲ್ ಒಂದನ್ನು ಹಾಸಿ, ನಾಲ್ಕೂ ಅಂಚನ್ನು ಸುರುಳಿ ಸುತ್ತಿ ಕಟ್ಟೆ ಮಾಡಿ. ಗುಂಡು ಉರುಳಿ ಮೇಜಿನಿಂದ ಬೀಳುವುದೇ ಅತಿ ಸಾಮಾನ್ಯ ಅಪಘಾತ. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಹತ್ತಿಯ ಕೈಗವಸು ಗಾಜಿನ ಮೇಲೆ ಜಾರುತ್ತದೆ, ಎದ್ದ ಬಣ್ಣದ ಚಕ್ಕೆಗೂ ಸಿಕ್ಕಿಕೊಳ್ಳುತ್ತದೆ. ನೈಟ್ರೈಲ್ ಕೈಗವಸೇ ಸರಿ. ಉಳಿದ ಸಾಮಾನು: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ), ವ್ಯಾಸ ಅಳೆಯುವ ಪ್ಲಾಸ್ಟಿಕ್ ವರ್ನಿಯರ್ (ಉಕ್ಕಿನದು ಕತ್ತಿನ ಅಂಚನ್ನು ಚಕ್ಕೆ ಎಬ್ಬಿಸುತ್ತದೆ), 0.1 ಗ್ರಾಂ ತೋರಿಸುವ ಚಿನ್ನದ ತಕ್ಕಡಿ, 365 ನ್ಯಾನೊಮೀಟರಿನ ಯುವಿ ಟಾರ್ಚ್, ಅಳಿಲು ಕೂದಲಿನ ಅಗಲ ಕುಂಚ, ಮೊಂಡು ತುದಿಯ ಚಿಮುಟ.

ಟೋಪಿ ತೆಗೆಯುವುದು

ಹೆಚ್ಚಿನ ಹಾನಿ ಆಗುವುದು ಇಲ್ಲೇ. ಟೋಪಿಯನ್ನು ಹಿಡಿದಿಟ್ಟಿರುವುದು ಒಳಗಿನ ತಂತಿ. ಅದರ ಎರಡು ಕಾಲು ಕತ್ತಿನೊಳಗೆ ಹೊರಮುಖವಾಗಿ ಒತ್ತಿ ನಿಂತಿರುತ್ತವೆ. ಟೋಪಿ ಹಿಡಿದು ಎಳೆದರೆ ಆ ಕಾಲುಗಳು ಒಳಗಿನ ಕಲಾಯಿಯನ್ನು (ಗಾಜಿನ ಒಳಮೈಯ ಬೆಳ್ಳಿ ಹೊಳಪಿನ ಲೇಪವನ್ನು) ಕೆರೆಯುತ್ತವೆ. ತಿರುಚಿದರಂತೂ ಕತ್ತೇ ಮುರಿಯುತ್ತದೆ. ಮಾಡಬೇಕಾದದ್ದು ಇಷ್ಟು: ಎಡಗೈಯಲ್ಲಿ ಗುಂಡಿನ ಭುಜವನ್ನು ಮೂರು ಬೆರಳಲ್ಲಿ ಆನಿಸಿ. ತಂತಿ ಟೋಪಿಯೊಳಗೆ ಇಳಿಯುವ ಜಾಗದಲ್ಲಿ ಎರಡೂ ಕಾಲನ್ನು ಚಿಮುಟದಿಂದ ಒಂದಕ್ಕೊಂದು ತಾಗುವ ಹಾಗೆ ಹಿಸುಕಿ. ಹಿಸುಕಿದ ಹಾಗೇ ನೇರ ಮೇಲಕ್ಕೆ ಎತ್ತಿ. ಬರದಿದ್ದರೆ ಬಿಟ್ಟುಬಿಡಿ. ತುಕ್ಕು ಹಿಡಿದ ಟೋಪಿಗೆ ತುಕ್ಕುಬಿಡಿಸುವ ಎಣ್ಣೆ ಹಾಕುವ ಆಸೆಯಾಗುತ್ತದೆ. ಆ ಎಣ್ಣೆ ಕತ್ತಿನೊಳಗೆ ಇಳಿದು ಕಲಾಯಿಯ ಹಿಂದೆ ಹರಡಿ ಕಲೆ ಮಾಡುತ್ತದೆ, ಆಮೇಲೆ ಅದನ್ನು ಒರೆಸಿ ತೆಗೆಯಲು ಯಾವ ದಾರಿಯೂ ಇಲ್ಲ. ಈ ಪೆಟ್ಟಿಗೆಯಲ್ಲಿ 12ರಲ್ಲಿ ಟೋಪಿ ಇದ್ದದ್ದು 8ಕ್ಕೆ. ಎರಡನ್ನು ತುಕ್ಕಿನಿಂದಾಗಿ ತೆಗೆಯದೇ ಬಿಟ್ಟದ್ದಾಯಿತು.

ಟೋಪಿಯ ಮೇಲಿನ ಬರಹ ವಯಸ್ಸಿನ ಸುಳಿವು ಕೊಡುತ್ತದೆ, ಸಾಕ್ಷಿ ಹೇಳುವುದಿಲ್ಲ. ಅಮೆರಿಕದ ಮೆಕಿನ್ಲಿ ಸುಂಕ ಕಾಯಿದೆಯ ನಂತರ, 1891ರಿಂದ, ಆಮದು ಮಾಲಿಗೆ ಮೂಲ ದೇಶದ ಹೆಸರು ಬೇಕಾಯಿತು. ಆದರೆ ಹೆಸರು ಪೆಟ್ಟಿಗೆಯ ಮೇಲಿದ್ದರೂ ನಡೆಯುತ್ತಿತ್ತು, ಹಾಗಾಗಿ ಬರಹವಿಲ್ಲದ ಟೋಪಿ ಎಂದರೆ 1891ಕ್ಕಿಂತ ಹಳೆಯದು ಎಂದಲ್ಲ. ‘ಯು.ಎಸ್. ಜೋನ್ ಜರ್ಮನಿ’ ಎಂದಿದ್ದರೆ ಯುದ್ಧ ಮುಗಿದ 1945ರಿಂದ 1949ರ ನಡುವಿನದು. ‘ವೆಸ್ಟ್ ಜರ್ಮನಿ’ 1949ರಿಂದ 1990. ‘ಆಕ್ಯುಪೈಡ್ ಜಪಾನ್’ ಎಂದರೆ 1952ಕ್ಕೆ ಮುಂಚೆ. ‘ಚೆಕೊಸ್ಲೊವಾಕಿಯಾ’ 1918ಕ್ಕಿಂತ ಮೊದಲು ಸಾಧ್ಯವೇ ಇಲ್ಲ. ಇವೆಲ್ಲ ಟೋಪಿಯ ವಯಸ್ಸು, ಗಾಜಿನದಲ್ಲ. ಸಂಗ್ರಾಹಕರ ಮನೆಯಲ್ಲಿ ಒಡೆದ ಗುಂಡುಗಳ ಟೋಪಿ ತುಂಬಿದ ಡಬ್ಬಿಯೊಂದು ಇದ್ದೇ ಇರುತ್ತದೆ, ಅದರಿಂದ ಒಂದನ್ನು ಎತ್ತಿ ಇನ್ನೊಂದಕ್ಕೆ ಕೂರಿಸಲು ಒಂದು ನಿಮಿಷ ಸಾಕು. ಕತ್ತನ್ನು ಬದಲಾಯಿಸಲು ಬರುವುದಿಲ್ಲ. ಅದಕ್ಕೇ ಟೋಪಿ ತೆಗೆದು ಕತ್ತನ್ನು ನೋಡಬೇಕು.

ತಕ್ಕಡಿಯ ಲೆಕ್ಕ

ಗಾಜಿನ ದಪ್ಪ ಅಳೆಯಲು ಒಡೆಯಬೇಕಿಲ್ಲ. ಟೋಪಿ ತೆಗೆದು ತೂಗಿ. ಗುಂಡಿನ ವ್ಯಾಸವನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ 7.85ರಿಂದ ಗುಣಿಸಿ. ಗ್ರಾಂ ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ದಪ್ಪ ಸೆಂಟಿಮೀಟರಿನಲ್ಲಿ ಬರುತ್ತದೆ. ಸಾಮಾನ್ಯ ಸೋಡಾ ಗಾಜಿನ ಸಾಂದ್ರತೆ 2.5, ಅದಕ್ಕೆ ಪೈ ಗುಣಿಸಿದರೆ 7.85. ದುಂಡನೆಯ ಗುಂಡಿಗೆ ಮಾತ್ರ ಈ ಲೆಕ್ಕ.

ಬೆಳ್ಳಿ ಬಣ್ಣದ ಶೈನಿ ಬ್ರೈಟ್: ವ್ಯಾಸ 5.7, ತೂಕ 10 ಗ್ರಾಂ. ದಪ್ಪ 0.4 ಮಿ.ಮೀ.
ಹಸಿರು ಗುಂಡು ‘ಅ’: ವ್ಯಾಸ 5.8, ತೂಕ 36 ಗ್ರಾಂ. ದಪ್ಪ 1.4 ಮಿ.ಮೀ.
ಹಸಿರು ಗುಂಡು ‘ಆ’: ವ್ಯಾಸ 6.0, ತೂಕ 40 ಗ್ರಾಂ. ದಪ್ಪ 1.4 ಮಿ.ಮೀ.

ಈ ವ್ಯತ್ಯಾಸದ ಹಿಂದೆ ಒಂದು ಊರಿನ ಚರಿತ್ರೆಯೇ ಇದೆ. ಜರ್ಮನಿಯ ತುರಿಂಗಿಯಾ ಬೆಟ್ಟಸೀಮೆಯ ಲೌಶಾದಲ್ಲಿ ಗಾಜಿನ ಕುಲುಮೆ ಶುರುವಾದದ್ದು 1597ರಲ್ಲಿ. 19ನೆಯ ಶತಮಾನದ ನಡುವಿಗೆ ಅಲ್ಲಿ ಕ್ರಿಸ್‌ಮಸ್ ಗುಂಡು ಊದತೊಡಗಿದರು. ಎಣ್ಣೆ ದೀಪದ ಉರಿಗೆ ಬಿಸಿ ಸಾಲುತ್ತಿರಲಿಲ್ಲ, ಗಾಜು ದಪ್ಪವಾಗಿಯೇ ಉಳಿಯುತ್ತಿತ್ತು. 1867ರಲ್ಲಿ ಊರಿಗೆ ಅನಿಲ ಕಾರ್ಖಾನೆ ಬಂದ ಮೇಲೆ ಉರಿ ಬಿಸಿಯೂ ಆಯಿತು, ಹೆಚ್ಚು ಕಡಿಮೆ ಮಾಡುವ ಹಿಡಿತವೂ ಸಿಕ್ಕಿತು. ಮನೆಯ ಅಡುಗೆಕೋಣೆಯ ಮೇಜಿನ ಮೇಲೆಯೇ ಕಾಗದದಷ್ಟು ತೆಳ್ಳಗೆ ಊದಲು ಸಾಧ್ಯವಾಯಿತು. ಆದರೂ ದಪ್ಪ ಗಾಜಿನ ಗುಂಡು ನಿಂತುಹೋಗಲಿಲ್ಲ. ಕುಗೆಲ್ ಎಂದು ಕರೆಯುವ ಅದು 20ನೆಯ ಶತಮಾನದವರೆಗೂ ಬರುತ್ತಲೇ ಇತ್ತು.

ಹಸಿರು ಗುಂಡು ಎರಡು, ಕುಗೆಲ್ ಒಂದೇ

ತಕ್ಕಡಿ ಇವೆರಡನ್ನು ಬೇರ್ಪಡಿಸಲಿಲ್ಲ, ಬೇರ್ಪಡಿಸಿದ್ದು ಕತ್ತು. ‘ಅ’ದ ಟೋಪಿ ಎತ್ತಿದಾಗ ಕೆಳಗೆ ಕತ್ತೇ ಇಲ್ಲ. ಊದುಕೊಳವೆಯಿಂದ ಗುಂಡನ್ನು ಗುಂಡಿನ ಮೈಮಟ್ಟಕ್ಕೇ ತುಂಡರಿಸಿದ್ದಾರೆ, ಉಳಿದಿರುವುದು ಒಂದು ತೂತು, ಅದರ ಅಂಚು ಒರಟು. ಅಗಲವಾದ ಹಿತ್ತಾಳೆ ಟೋಪಿ ಆ ತೂತನ್ನು ಮುಚ್ಚಿ ಗುಂಡಿನ ಮೈಮೇಲೆ ಕೂರುತ್ತದೆ. ಅದು ಕೂತ ಜಾಗದಲ್ಲಿ ಗಾಜಿನ ಮೇಲೆ ಕೂದಲೆಳೆಯಂಥ ಗೀರುಗಳ ಉಂಗುರ. ಹತ್ತಾರು ವರ್ಷ ಟೋಪಿ ಅಲ್ಲಾಡಿದ ಗುರುತು ಅದು. ಬಣ್ಣ ಗಾಜಿನಲ್ಲೇ ಇದೆ, ಮೇಲೆ ಬಳಿದದ್ದಲ್ಲ. ಒಳಗೆ ಟಾರ್ಚ್ ಬಿಟ್ಟರೆ ಕಲಾಯಿ ತೂತಿನ ಸುತ್ತ ಕಂದು ತಿರುಗಿದೆ, ತಳಕ್ಕೆ ಹೋದ ಹಾಗೆ ಹೊಳಪು ಹೆಚ್ಚು.

‘ಆ’ದ ಟೋಪಿ ಇನ್ನೂ ಅಂದವಾಗಿತ್ತು, ಎಸಳಿನ ಉಬ್ಬು ಚಿತ್ತಾರ ಹೆಚ್ಚು ಆಳ. ತೆಗೆದರೆ ಕೆಳಗೆ 6 ಮಿ.ಮೀ. ಎತ್ತರದ ಗಾಜಿನ ಕತ್ತು. ಕಲಾಯಿ ಎಲ್ಲ ಕಡೆ ಒಂದೇ ಸಮ. ಟೋಪಿಯ ಮೇಲಿನ ಕಪ್ಪು ಬಣ್ಣ ಚಿತ್ತಾರದ ಗುಳಿಯಲ್ಲೂ ಇದೆ, ಉಬ್ಬಿನ ಮೇಲೂ ಇದೆ. ನಿಜವಾಗಿ ಸವೆದ ಹಿತ್ತಾಳೆಯಲ್ಲಿ ಉಬ್ಬು ಹೊಳೆದು ಗುಳಿ ಕಪ್ಪಾಗಿರುತ್ತದೆ. ಟೋಪಿ ಕೂತ ಕಡೆ ಗೀರಿಲ್ಲ. ಇದು ಹೊಸದು. ಇಂಥ ಗುಂಡುಗಳಲ್ಲಿ ಬಹಳಷ್ಟು ನಮ್ಮ ದೇಶದಲ್ಲೇ ತಯಾರಾಗಿ ಹೊರಗೆ ಹೋದವು. ಹೋಗುವಾಗ ‘ಮೇಡ್ ಇನ್ ಇಂಡಿಯಾ’ ಚೀಟಿ ಅಂಟಿಸಿಕೊಂಡೇ ಹೋಗುತ್ತವೆ. ಚೀಟಿ ಕಿತ್ತು ಎರಡು ಕೈ ಬದಲಾದ ಮೇಲೆ ‘ಜರ್ಮನ್ ಕುಗೆಲ್’ ಆಗಿಬಿಡುತ್ತವೆ. ಕೆಲಸದ ದೃಷ್ಟಿಯಿಂದ ಗುಂಡು ಚೆನ್ನಾಗಿಯೇ ಇದೆ, ಮರಕ್ಕೆ ತೂಗುಹಾಕಲು ಅಡ್ಡಿಯಿಲ್ಲ. ಹಳೆಯದರ ಬೆಲೆ ಕೊಡಬಾರದು, ಅಷ್ಟೆ.

‘ಅ’ದ ಹಿತ್ತಾಳೆ ಟೋಪಿ ಕಂದುಗಟ್ಟಿ, ಒಂದು ಕಡೆ ಹಸಿರು ಕಿಲುಬು ಹಿಡಿದಿತ್ತು. ಹಿತ್ತಾಳೆ ಕಂಡ ಕೂಡಲೇ ಹುಣಸೆಹುಳಿಗೆ ಕೈ ಹೋಗುವುದು ನಮ್ಮ ಮನೆಗಳ ರೂಢಿ. ಇಲ್ಲಿ ಬೇಡ. ತಗಡು ತೀರಾ ತೆಳು, ಉಬ್ಬು ಚಿತ್ತಾರ ಸವೆಯುತ್ತದೆ. ಹಳೆಯ ಬಣ್ಣ ಹೋದರೆ ವಯಸ್ಸಿನ ಒಂದು ಸಾಕ್ಷಿಯೇ ಹೋದಂತೆ. ಕಿಲುಬನ್ನು ಮಾತ್ರ ಬಿದಿರು ಕಡ್ಡಿಯ ತುದಿಯಿಂದ ಒಣದಾಗಿ ಕೆರೆದು ತೆಗೆದದ್ದಾಯಿತು. ಕುಗೆಲ್‌ನ ಒಳಲೇಪದಲ್ಲಿ ಸೀಸ ಇರಬಹುದು. ಒಡೆದ ಚೂರು ಮುಟ್ಟಿದ ಮೇಲೆ ಕೈ ತೊಳೆಯಿರಿ.

ಶೈನಿ ಬ್ರೈಟ್ ಏಳು

ಯುರೋಪಿನಲ್ಲಿ ಯುದ್ಧ ಬಂದರೆ ಜರ್ಮನ್ ಮಾಲು ನಿಲ್ಲುತ್ತದೆ ಎಂದು ಮೊದಲೇ ಲೆಕ್ಕ ಹಾಕಿದ್ದ ಆಮದುದಾರ ಮ್ಯಾಕ್ಸ್ ಎಕಾರ್ಟ್, 1930ರ ದಶಕದ ಕೊನೆಗೆ ಕಾರ್ನಿಂಗ್ ಗಾಜಿನ ಕಂಪನಿಯನ್ನು ಒಪ್ಪಿಸಿದ. ಪೆನ್ಸಿಲ್ವೇನಿಯಾದ ವೆಲ್ಸ್‌ಬರೊದಲ್ಲಿ ವಿದ್ಯುತ್ ಬಲ್ಬಿನ ಬುರುಡೆ ಊದುತ್ತಿದ್ದ ರಿಬ್ಬನ್ ಯಂತ್ರವೇ ಗುಂಡು ಊದತೊಡಗಿತು. ಕಲಾಯಿ ಮತ್ತು ಬಣ್ಣದ ಕೆಲಸ ನ್ಯೂಜೆರ್ಸಿಯ ಎಕಾರ್ಟ್ ಕಾರ್ಖಾನೆಗಳಲ್ಲಿ. ಇಂದು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಇರುವ ಕನ್ನಡಿಗರಿಗೆ ಗರಾಜ್ ಸೇಲ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ಮಾಲು. ಯಂತ್ರದ ಗುಂಡಿನ ಕತ್ತು ಗಿಡ್ಡ, ಒಂದೇ ಅಳತೆ. ಕೈಯಲ್ಲಿ ಊದಿದ್ದರ ಕತ್ತು ಉದ್ದ, ಅಂಚು ಓರೆಕೋರೆ.

ಏಳರಲ್ಲಿ ನಾಲ್ಕು ಯುದ್ಧಾನಂತರದವು. ಒಳಗೆ ಬೆಳ್ಳಿ ಕಲಾಯಿ, ತಗಡಿನ ಟೋಪಿ, ಅದರ ಮೇಲೆ ಹೆಸರು. ಉಳಿದ ಮೂರು ನೋಡಲು ಬಡವಾಗಿವೆ: ಬರೀ ಗಾಜು, ಕಲಾಯಿ ಇಲ್ಲ, ಮೈಮೇಲೆ ತೆಳು ಬಣ್ಣದ ಪಟ್ಟೆ ಮಾತ್ರ. ಒಂದರೊಳಗೆ ಜರಿಯ ತುಣುಕು ತುರುಕಿದೆ. ಎರಡಕ್ಕೆ ಟೋಪಿ ಇಲ್ಲ, ಒಂದಕ್ಕೆ ರಟ್ಟಿನ ಟೋಪಿ ಇದೆ. ‘ಕಲಾಯಿ ಹೋಗಿದೆ’ ಎಂದು ಇಂಥವನ್ನು ಬದಿಗೆ ಸರಿಸುವವರು ಬಹಳ. ಕಲಾಯಿ ಹೋಗಿದ್ದರೆ ಕತ್ತಿನ ಒಳಗಾದರೂ ಬೂದು ಗೆರೆ ಉಳಿದಿರಬೇಕು. ಇವಕ್ಕೆ ಅದು ಇಲ್ಲ, ಏಕೆಂದರೆ ಕಲಾಯಿ ಹಾಕಿಯೇ ಇರಲಿಲ್ಲ. ಯುದ್ಧಕಾಲದಲ್ಲಿ ಲೋಹ ಸಿಗದೆ ಹೀಗೆ ಮಾಡಿದ್ದು. ಟೋಪಿಯಿಲ್ಲದ ಎರಡಕ್ಕೆ ತಗಡಿನ ಟೋಪಿ ಕೂರಿಸುವುದು ಸುಲಭವಿತ್ತು, ಆದರೆ ಕೂರಿಸಲಿಲ್ಲ. 0.5 ಮಿ.ಮೀ. ಆಮ್ಲರಹಿತ ರಟ್ಟಿನಲ್ಲಿ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ ಹತ್ತಿ ದಾರ ಹಾಕಿ, ಒಳಬದಿಗೆ ಪೆನ್ಸಿಲಿನಲ್ಲಿ ‘ಹೊಸದು’ ಎಂದು ಬರೆದು ಇಟ್ಟದ್ದಾಯಿತು.

ಹಳೆಯ ತಗಡಿನ ಟೋಪಿ ಬದಲಿಸುವಾಗ ಕತ್ತಿನ ಹೊರ ವ್ಯಾಸ ಅಳೆದು, ಒತ್ತದೆ ಇಳಿಯುವ ಟೋಪಿ ಆರಿಸಿ. ಸಡಿಲವಾದರೆ ಟೋಪಿಯ ಒಳಗೆ ಟಿಶ್ಯೂ ಕಾಗದದ ಪಟ್ಟಿ ಸುತ್ತಿ. ಬಿಗಿಯಾದರೆ ಬೇರೆ ಹುಡುಕಿ. ತಂತಿಯ ಕಾಲನ್ನು ಮೊದಲೇ ಸ್ವಲ್ಪ ಒಳಕ್ಕೆ ಬಗ್ಗಿಸಿ ಒತ್ತಡ ಕಡಿಮೆ ಮಾಡಿ. ಗುಂಡಿನ ಭಾರ 10 ಗ್ರಾಂ, ಅದನ್ನು ಹಿಡಿಯಲು ಹೆಚ್ಚು ಬಲ ಬೇಕಿಲ್ಲ.

ಕತ್ತಿನ ಬಿರುಕು

ಬೆಳ್ಳಿ ಕಲಾಯಿಯ ಗುಲಾಬಿ ಗುಂಡೊಂದರ ಕತ್ತಿನಲ್ಲಿ ಚಕ್ಕೆ ಎದ್ದು, ಅಲ್ಲಿಂದ 4 ಮಿ.ಮೀ. ಬಿರುಕು ಭುಜದ ಕಡೆಗೆ ಇಳಿದಿತ್ತು. ತಂತಿ ಒತ್ತುತ್ತಿದ್ದರೆ ಅದು ಮುಂದೆ ಓಡುತ್ತದೆ. ಸೂಪರ್ ಗ್ಲೂ ಬೇಡ: ಅದರ ಆವಿ ಸುತ್ತಲಿನ ಗಾಜಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಕಲಾಯಿಯ ಮೇಲೆ ಕೂತರೆ ಮುಗಿಯಿತು. ಬಳಸಿದ್ದು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ, ಅಸಿಟೋನಿನಲ್ಲಿ ಕರಗಿಸಿದ್ದು. ವಸ್ತುಸಂಗ್ರಹಾಲಯಗಳ ಗಾಜಿನ ದುರಸ್ತಿಗೂ ಇದನ್ನೇ ಬಳಸುತ್ತಾರೆ, ಬೇಕೆಂದಾಗ ಮತ್ತೆ ಕರಗಿಸಿ ತೆಗೆಯಬಹುದು. ಬಿರುಕಿಗೆ 10 ಗ್ರಾಂ ರಾಳಕ್ಕೆ 90 ಗ್ರಾಂ ಅಸಿಟೋನ್. ಮುರಿದ ತುಂಡು ಅಂಟಿಸಲು ಸಮಸಮ ತೂಕ, ಜೇನಿನ ಹದ.

ತೊಡಕು ಒಂದೇ: ಗುಂಡಿನ ಹೊರಗಿನ ಬಣ್ಣದ ಮೆರುಗನ್ನೂ ಅಸಿಟೋನ್ ಕರಗಿಸುತ್ತದೆ. ಅದಕ್ಕೆ ಟೋಪಿಯಡಿ ಮರೆಯಾಗುವ ಪಟ್ಟಿಯಲ್ಲೇ ಮೊದಲು ಪರೀಕ್ಷೆ ಮಾಡಬೇಕು. ಹತ್ತಿಕಡ್ಡಿಗೆ ಅಸಿಟೋನ್ ಸೋಕಿಸಿ ಒಂದು ಸೆಕೆಂಡ್ ತಾಗಿಸಿದರೆ ಗುಲಾಬಿ ಬಣ್ಣ ಬಂತು. ಹಾಗಾಗಿ ಹೊರಗಿನಿಂದ ಹಚ್ಚದೆ, ಮೂರು ಸೊನ್ನೆಯ ಕುಂಚದಲ್ಲಿ ಕತ್ತಿನ ಒಳಬದಿಯಿಂದ, ಚಕ್ಕೆ ಎದ್ದ ಅಂಚಿಗೆ ಒಂದು ಹನಿ ಇಟ್ಟದ್ದಾಯಿತು. ತೆಳು ದ್ರಾವಣ ತಾನೇ ಬಿರುಕಿನಲ್ಲಿ ಹೀರಿಕೊಂಡು ಇಳಿಯುತ್ತದೆ, ಇಳಿದಷ್ಟೂ ಗೆರೆ ಕಣ್ಣಿಗೆ ಮಸುಕಾಗುತ್ತದೆ. ಅದು ತುದಿ ಮುಟ್ಟಿತೆಂದು ತಿಳಿಯುವುದು ಹೀಗೆ. 24 ಗಂಟೆ ಒಣಗಿದ ಮೇಲೆ ತಂತಿಯಿಲ್ಲದ ಟೋಪಿ ಹಾಕಿ, ಕತ್ತಿಗೆ ದಾರ ಸುತ್ತಿ ತೂಗುವ ಹಾಗೆ ಮಾಡಿದ್ದಾಯಿತು.

ಸಾಂಟಾ, ಹಕ್ಕಿ, ನಕ್ಷತ್ರ

ಸಾಂಟಾದ ಎರಡೂ ಬದಿಯಲ್ಲಿ ಅಚ್ಚಿನ ಹೊಲಿಗೆ ಗೆರೆ ಇದೆ. ಅಚ್ಚಿನ ಆಕಾರದಿಂದ ವಯಸ್ಸು ಹೇಳಲು ಬರುವುದಿಲ್ಲ. ಯುದ್ಧದ ನಂತರ ಲೌಶಾ ಪೂರ್ವ ಜರ್ಮನಿಯ ಪಾಲಾದಾಗ ಹಲವು ಊದುಗಾರರು ಗಡಿ ದಾಟಿ ನೊಯ್‌ಸ್ಟಾಟ್ ಬೈ ಕೊಬುರ್ಗ್ ಕಡೆ ನೆಲೆಸಿದರು, ಹಳೆಯ ಅಚ್ಚುಗಳಲ್ಲಿ ಇಂದಿಗೂ ಹೊಸ ಗುಂಡು ಊದುತ್ತಾರೆ. ನೋಡಬೇಕಾದದ್ದು ಸವೆತ. ಇದರ ಮೂಗು, ಹೊಟ್ಟೆ, ಬೂಟಿನ ತುದಿಯಲ್ಲಿ ಬಣ್ಣ ಹೋಗಿದೆ, ಗಡ್ಡದ ಸಂದಿಯಲ್ಲಿ ಉಳಿದಿದೆ. ಅದೇ ಸಹಜ. ಸಂದಿಯಲ್ಲೂ ಹೋಗಿ ಉಬ್ಬಿನಲ್ಲೂ ಹೋಗಿದ್ದರೆ ಯಾರೋ ಉಜ್ಜಿದ್ದಾರೆ. ಯುವಿ ಟಾರ್ಚ್ ಹಿಡಿದಾಗ ಸಾಂಟಾ ತಲೆಯ ಮೇಲಿನ ಗಾಜಿನ ಟೋಪಿಯ ಅಂಚಿನ ಬಿಳಿ ಬಣ್ಣ ಮಾತ್ರ ನೀಲಿಯಾಗಿ ಉರಿಯಿತು, ಅದು ಯಾರೋ ಮಾಡಿದ ಹೊಸ ತೇಪೆ. ಕಾಗದ, ದಾರ, ಬಿಳಿ ಬಣ್ಣಗಳಿಗೆ ಬೆಳಕು ಚೆಲ್ಲುವ ಬಿಳುಪುಕಾರಕ ಸೇರಿಸುವ ರೂಢಿ ಸುಮಾರು 1950ರ ನಂತರ ಬಂದದ್ದು. ತೇಪೆಯನ್ನು ಮುಟ್ಟಲಿಲ್ಲ.

ಹಕ್ಕಿಯ ಬಾಲ ಗಾಜಿನ ನೂಲು. ಅರ್ಧ ಉದುರಿದೆ. ಈ ನೂಲು ಚರ್ಮಕ್ಕೆ ಚುಚ್ಚಿ ಮುರಿಯುತ್ತದೆ, ಕಣ್ಣಿಗೆ ಹೋದರೆ ಅಪಾಯ, ಕನ್ನಡಕವಿಲ್ಲದೆ ಮುಟ್ಟಬೇಡಿ. ಉಳಿದ ಎಳೆಗಳ ಬುಡಕ್ಕೆ ದಪ್ಪ ಬಿ-72 ಒಂದು ಹನಿ ಇಟ್ಟು ನಿಲ್ಲಿಸಿದ್ದಷ್ಟೇ. ಹೊಸ ನೂಲು ಸೇರಿಸಿಲ್ಲ. ಕ್ಲಿಪ್ಪಿನ ಸುರುಳಿ ಇನ್ನೂ ಗಟ್ಟಿ.

ನಕ್ಷತ್ರ ಬೊಹೀಮಿಯಾದ ಮಣಿಕೆಲಸ, ಯಾಬ್ಲೊನೆಟ್ಸ್ ಸೀಮೆಯದು. ಅಲ್ಲಿ ಮಣಿಗಳನ್ನು ಒಂದೇ ಕೊಳವೆಯಲ್ಲಿ ಸಾಲಾಗಿ ಊದಿ, ಒಳಗೆ ಕಲಾಯಿ ಮಾಡಿ, ಆಮೇಲೆ ಕತ್ತರಿಸಿ ತಂತಿಗೆ ಪೋಣಿಸುತ್ತಾರೆ. ಪೊನಿಕ್ಲಾದಲ್ಲಿ ಈಗಲೂ ನಡೆದಿರುವ ಈ ಕೈಕೆಲಸವನ್ನು ಯುನೆಸ್ಕೊ 2020ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ಕೈಯ ಕಬ್ಬಿಣದ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಮೊದಲು ಎರಡೂ ಕಡೆಯಿಂದ ಫೋಟೊ, ಕಾಗದದ ಮೇಲೆ ಮಣಿಗಳ ಕ್ರಮದ ನಕ್ಷೆ. ಆಮೇಲೆ ಆ ಕೈಯ ಒಂಬತ್ತು ಮಣಿಗಳನ್ನು ಬಿಚ್ಚಿ, ತವರ ಲೇಪದ 0.3 ಮಿ.ಮೀ. ತಾಮ್ರದ ತಂತಿಗೆ ಪೋಣಿಸಿದ್ದಾಯಿತು. ತಂತಿಯನ್ನು ಬಿಗಿಯಾಗಿ ಎಳೆದರೆ ಕತ್ತರಿಸಿದ ಮಣಿಯ ಅಂಚು ಪಕ್ಕದ ಮಣಿಯನ್ನು ಕಡಿಯುತ್ತದೆ. ಅರ್ಧ ಮಿ.ಮೀ. ಸಡಿಲ ಬಿಡಬೇಕು. ಮೊದಲ ಸಲ ಬಿಗಿದದ್ದರಿಂದ ಒಂದು ಮಣಿ ಒಡೆದು ಈಗ ಎಂಟೇ ಇವೆ.

ಒರೆಸುವುದು, ಕಲಾಯಿ, ದಾಸ್ತಾನು

ನೀರು, ಗಾಜು ಒರೆಸುವ ದ್ರವ, ವಿನೆಗರ್, ಯಾವುದೂ ಬೇಡ. ಹಳೆಯ ಬಣ್ಣಗಳಲ್ಲಿ ಹಲವು ಜೆಲಟಿನ್ ಅಂಟಿನಲ್ಲಿ ಕಲಸಿದವು, ಒದ್ದೆ ಬಟ್ಟೆ ಒಂದು ಸಲ ಎಳೆದರೆ ಸಾಂಟಾದ ಮುಖವೇ ಬಟ್ಟೆಗೆ ಬರುತ್ತದೆ. ಒಣ ಕುಂಚ, ಮೇಲಿನಿಂದ ಕೆಳಕ್ಕೆ, ಅಷ್ಟೆ. ಹಿಮದ ಪುಡಿ ಅಂಟಿಸಿದ ಜಾಗಕ್ಕೆ ಕುಂಚವೂ ಬೇಡ.

ಕಪ್ಪಾದ ಕಲಾಯಿಯನ್ನು ತೆಗೆದು ಹೊಸದಾಗಿ ಹಾಕಬಹುದೇ ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಸಿಲ್ವರ್ ನೈಟ್ರೇಟ್, ಅಮೋನಿಯ, ಸಕ್ಕರೆ ಸೇರಿಸಿ ಬೆಳ್ಳಿ ಕೂರಿಸುವುದು ಕಷ್ಟವೇನಲ್ಲ. ಆದರೆ ಆ ದ್ರಾವಣವನ್ನು ಉಳಿಸಿ ಇಟ್ಟರೆ ಸಿಡಿಯುವ ಬೆಳ್ಳಿ ಲವಣ ಹುಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಕಲಾಯಿ ತೊಳೆದರೆ ಆ ಗುಂಡಿನ ವಯಸ್ಸು ಹೇಳುವ ವಸ್ತುವೇ ಹೋಯಿತು. ಕಲಾಯಿ ಕಪ್ಪಾಗುವುದು ಕತ್ತಿನಿಂದ ಇಳಿಯುವ ಗಾಳಿಯ ಗಂಧಕದಿಂದ ಮತ್ತು ತೇವದಿಂದ. ಟೋಪಿ ಸರಿಯಾಗಿ ಮುಚ್ಚಿದರೆ ಅದು ನಿಧಾನವಾಗುತ್ತದೆ.

ಸುತ್ತಲು ಆಮ್ಲರಹಿತ ಟಿಶ್ಯೂ. ಹಳೆಯ ಪತ್ರಿಕೆಯ ಕಾಗದ ಆಮ್ಲದ್ದು. ಗುಳ್ಳೆ ಪ್ಲಾಸ್ಟಿಕ್ ಮೆರುಗಿಗೆ ಅಂಟಿ ಉಂಗುರದ ಗುರುತು ಬಿಡುತ್ತದೆ. ಬಟ್ಟೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ ಇಲ್ಲಿ ಬೇಡ, ಅದರ ಆವಿಗೆ ಮೆರುಗು ಮೆತ್ತಗಾಗಬಹುದು. ಅಟ್ಟದ ಬಿಸಿ, ನೆಲಮನೆಯ ತೇವ ಎರಡೂ ಆಗದು, ಒಳಗಿನ ತೇವಾಂಶ ಶೇ 45–50 ಇದ್ದರೆ ಒಳ್ಳೆಯದು. ಮಂಗಳೂರು, ಉಡುಪಿ ಕಡೆಯ ಮನೆಗೆ ಇಂಥ ಪೆಟ್ಟಿಗೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಡಬ್ಬದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜೊತೆ ಇಟ್ಟು, ತೇವಾಂಶ ತೋರಿಸುವ ಕಾರ್ಡನ್ನು ಹದಿನೈದು ದಿನಕ್ಕೊಮ್ಮೆ ನೋಡಿ. ಜೆಲ್ ಹಸಿರು ತಿರುಗಿದರೆ ಬದಲಿಸಿ.

ಪ್ರತಿ ನಗಕ್ಕೂ ಒಂದು ಚೀಟಿ: ಅಳತೆ, ತೂಕ, ಕತ್ತಿನ ಬಗೆ, ಟೋಪಿಯ ಬರಹ, ಏನು ಹಚ್ಚಿದೆ, ಯಾವ ಭಾಗ ಹೊಸದು. ಕುಗೆಲನ್ನು ಮರಕ್ಕೆ ಹಾಕುವುದಾದರೆ ಬುಡದ ಹತ್ತಿರದ ಗಟ್ಟಿ ಕೊಂಬೆಗೆ, ಕೊಕ್ಕೆಯ ಜೊತೆಗೆ ಮೀನುಗಾಳದ ನೈಲಾನ್ ದಾರವನ್ನು ಟೋಪಿಯ ಬಳೆಯಲ್ಲಿ ಪೋಣಿಸಿ ಕೊಂಬೆಗೆ ಎರಡು ಸುತ್ತು ಕಟ್ಟಿ. ನೂರು ವರ್ಷದ ಹಿತ್ತಾಳೆ ತಂತಿ ಬಾಗಿ ಬಾಗಿ ಸೋತಿರುತ್ತದೆ. 36 ಗ್ರಾಂ ಗುಂಡು ಎರಡಡಿಯಿಂದ ಬಿದ್ದರೂ ಉಳಿಯುವುದಿಲ್ಲ.